ತುಕ್ಕಿನ ಕಾರಣ ಎಲ್ಲಿದೆ?

ಪೆಟ್ರೋಲ್ ಟ್ಯಾಂಕೊಂದು ಒಳಗಿನಿಂದ ತುಕ್ಕು ಹಿಡಿದು ತೂತಾದಾಗ ನಾಶವಾದದ್ದು ಏನು, ಆ ನಾಶದ ಕಾರಣ ಟ್ಯಾಂಕಿನ ಲೋಹದಲ್ಲಿಯೇ ಇತ್ತೋ ಅಥವಾ ಅದರೊಳಗೆ ತುಂಬಿದ ದ್ರವದಲ್ಲಿತ್ತೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲೋಹಶಾಸ್ತ್ರಕ್ಕೆ ಸೇರಿದ್ದೆಂದು ಕಂಡರೂ, ಬೌದ್ಧರಿಗೂ ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರಿಗೂ ಶತಮಾನಗಳ ಕಾಲ ನಡೆದ ವಾದದ ಬುಡದಲ್ಲಿದ್ದ ಪ್ರಶ್ನೆಯೂ ಇದೇ ಆಗಿದೆ. ಕಬ್ಬಿಣಕ್ಕೆ ಹಿಡಿಯುವುದನ್ನು ಆಡುಮಾತು ತುಕ್ಕು ಎನ್ನುತ್ತದೆ, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದನ್ನು ಕಿಲುಬು ಎನ್ನುತ್ತದೆ. ಇವೆರಡನ್ನೂ ಒಳಗೊಳ್ಳುವಂತೆ, ಲೋಹವು ತನ್ನ ಸುತ್ತಲಿನ ಗಾಳಿ, ನೀರು, ಆಮ್ಲಗಳೊಡನೆ ವರ್ತಿಸಿ ಕೆಡುವುದನ್ನು ವಿಜ್ಞಾನದ ಪಠ್ಯಗಳು ನಶಿಸುವಿಕೆ ಎಂದು ಕರೆದಿವೆ. ಈ ಪದವನ್ನು ಆರಿಸಿದವರ ಮನಸ್ಸಿನಲ್ಲಿ ದರ್ಶನಶಾಸ್ತ್ರದಲ್ಲಿ ನಾಶವನ್ನು ಕುರಿತ ವಾದ ಇತ್ತೆಂದು ಹೇಳಲಾಗದು. ಆದರೂ ಎರಡು ಶಾಸ್ತ್ರಗಳು ಒಂದೇ ಮಾತಿನಲ್ಲಿ ಸಂಧಿಸಿರುವುದರಿಂದ, ಒಂದರ ಅನುಭವವನ್ನು ಇನ್ನೊಂದರ ವಾದಕ್ಕೆ ಒರೆಹಚ್ಚಿ ನೋಡುವುದಕ್ಕೆ ಅವಕಾಶವಂತೂ ದೊರೆತಿದೆ.

ಬೌದ್ಧರ ವಾದವನ್ನು ವಸುಬಂಧು ತನ್ನ ಅಭಿಧರ್ಮಕೋಶದಲ್ಲಿ ಹೂಡಿದ ಬಗೆ ಹೀಗಿದೆ. ನಾಶವೆಂದರೆ ಅಭಾವ, ಅಂದರೆ ಇಲ್ಲದಿರುವಿಕೆ. ಇಲ್ಲದಿರುವಿಕೆಯನ್ನು ಯಾರೂ ತಯಾರಿಸಲಾರರು. ತಯಾರಾಗದ್ದಕ್ಕೆ ಕಾರಣವೂ ಇರಲಾರದು. ಆದ್ದರಿಂದ ವಸ್ತುಗಳು ಹೊರಗಿನ ಯಾವ ಕಾರಣಕ್ಕೂ ಕಾಯದೆ ತಮ್ಮ ಸ್ವಭಾವದಿಂದಲೇ ಕ್ಷಣಕ್ಷಣಕ್ಕೂ ನಶಿಸುತ್ತಿರುತ್ತವೆ, ಮತ್ತು ಗಡಿಗೆಯ ಮೇಲೆ ಬಿದ್ದ ದೊಣ್ಣೆ ಗಡಿಗೆಯನ್ನು ನಾಶ ಮಾಡುವುದಿಲ್ಲ, ಮುಂದಿನ ಕ್ಷಣದಲ್ಲಿ ಗಡಿಗೆಯ ಬದಲು ಓಡುಗಳು ಹುಟ್ಟುವಂತೆ ಮಾಡುತ್ತದೆ ಅಷ್ಟೇ. ನೈಯಾಯಿಕರಿಗೆ ಇದು ಒಪ್ಪಿಗೆಯಿಲ್ಲ. ಅವರ ಪ್ರಕಾರ ನಾಶವೂ ಒಂದು ಘಟನೆ. ಅದನ್ನು ಅವರು ಪ್ರಧ್ವಂಸಾಭಾವವೆಂದು ಕರೆಯುತ್ತಾರೆ, ಎಂದರೆ ಮೊದಲಿಲ್ಲದೆ ನಂತರ ಉಂಟಾಗಿ ಮತ್ತೆಂದೂ ಕೊನೆಗಾಣದ ಅಭಾವ. ಉಂಟಾಗುವುದೆಲ್ಲಕ್ಕೂ ಕಾರಣವಿರಬೇಕಾದ್ದರಿಂದ ಇದಕ್ಕೂ ದೊಣ್ಣೆಯಂಥ ನಿಮಿತ್ತಕಾರಣ, ಅಂದರೆ ಹೊರಗಿನಿಂದ ಒದಗಿ ಕಾರ್ಯವನ್ನು ಆಗಿಸುವ ಕಾರಣ, ಇರಲೇಬೇಕು. ಹತ್ತನೆಯ ಶತಮಾನದ ನೈಯಾಯಿಕ ಉದಯನಾಚಾರ್ಯನು ಆತ್ಮತತ್ತ್ವವಿವೇಕದಲ್ಲಿ ಬೌದ್ಧರ ಈ ಕ್ಷಣಭಂಗವಾದದ ಖಂಡನೆಗೆ ಇಷ್ಟೊಂದು ಪುಟಗಳನ್ನು ಮೀಸಲಿಟ್ಟದ್ದು ಬರಿಯ ಗಡಿಗೆಯ ಮೇಲಿನ ಮಮತೆಯಿಂದಲ್ಲ. ವಸ್ತುಗಳೆಲ್ಲ ಸ್ವಭಾವದಿಂದಲೇ ನಶಿಸುವುದಾದರೆ ನಿತ್ಯವಾದ ಆತ್ಮಕ್ಕೆ ಜಾಗವೇ ಉಳಿಯುವುದಿಲ್ಲವೆಂಬುದನ್ನು ಅವನು ಚೆನ್ನಾಗಿ ಅರಿತಿದ್ದ.

ಈ ವಾದವನ್ನು ಇಂದು ಮತ್ತೆ ನೋಡಲು ಎಂಜಿನ್ನಿನ ಇಂಧನ ವ್ಯವಸ್ಥೆ, ಅಂದರೆ ಟ್ಯಾಂಕ್, ಪಂಪ್, ಕೊಳವೆ, ಫಿಲ್ಟರ್, ಕಾರ್ಬುರೇಟರ್ ಅಥವಾ ಇಂಜೆಕ್ಟರ್‌ಗಳ ಸರಣಿ, ಗಡಿಗೆ ದೊಣ್ಣೆಗಳಿಗಿಂತ ಅನುಕೂಲವಾದ ಉದಾಹರಣೆ. ಏಕೆಂದರೆ ಇಲ್ಲಿ ಹೊಡೆಯುವವರು ಯಾರೂ ಇಲ್ಲ. ಬರಿಯ ಪೆಟ್ರೋಲ್ ವಿದ್ಯುತ್ತನ್ನು ಬಹುಮಟ್ಟಿಗೆ ಹರಿಯಗೊಡದ, ನೀರನ್ನು ತನ್ನೊಳಗೆ ಸೇರಿಸಿಕೊಳ್ಳದ ದ್ರವವಾದ್ದರಿಂದ ಲೋಹಗಳು ಅದರೊಡನೆ ಹೆಚ್ಚು ಜಗಳವಿಲ್ಲದೆ ಬಾಳುತ್ತವೆ. ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಎಥನಾಲ್ ಅದಕ್ಕೆ ಬೆರೆತಾಗ ಸ್ಥಿತಿ ಬದಲಾಗುತ್ತದೆ. ಭಾರತದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು, ಎಂದರೆ ಇ20 ಇಂಧನವನ್ನು, 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿಯೇ. ಅದಕ್ಕೆ ಬೇಕಾದ ಎಥನಾಲಿನ ಒಂದು ಭಾಗ ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಸೀಮೆಯಿಂದಲೂ ಬರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದ ನೀರು ಒಂದು ಮಿತಿಯನ್ನು ದಾಟಿದರೆ ಎಥನಾಲನ್ನೂ ಸೆಳೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಪದರವಾಗಿ ನಿಲ್ಲುತ್ತದೆ, ಮತ್ತು ಆ ಪದರದಲ್ಲಿ ಸ್ವಲ್ಪ ಅಸೆಟಿಕ್ ಆಮ್ಲವೋ ಕ್ಲೋರೈಡಿನಂಥ ಲವಣಾಂಶವೋ ಇದ್ದರೆ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಅಂಥ ದ್ರವದಲ್ಲಿ ಒಂದಕ್ಕೊಂದು ತಾಗಿ ಕುಳಿತ ಎರಡು ಬೇರೆ ಲೋಹಗಳು, ವೋಲ್ಟ 1800ರಲ್ಲಿ ತೋರಿಸಿಕೊಟ್ಟ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸತೊಡಗಿ, ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಡುವ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ.

ಬ್ರೆಜಿಲ್ ಈ ಪಾಠವನ್ನು ಎಲ್ಲರಿಗಿಂತ ಮೊದಲು ದೊಡ್ಡ ಪ್ರಮಾಣದಲ್ಲಿ ಕಲಿತ ದೇಶ. ತೈಲದ ಬೆಲೆ ಏರಿದ ಬಳಿಕ 1975ರಲ್ಲಿ ಅದು ಪ್ರೊಆಲ್ಕೂಲ್ ಎಂಬ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. 1979ರಲ್ಲಿ ಪೂರ್ತಿ ಆಲ್ಕೊಹಾಲಿನಿಂದಲೇ ಓಡುವ ಫಿಯಟ್ 147 ಕಾರು ಮಾರುಕಟ್ಟೆಗೆ ಬಂದಿತು. ಪೆಟ್ರೋಲಿಗೆಂದು ರೂಢಿಯಲ್ಲಿದ್ದ ಸತುವಿನ ಮಿಶ್ರಲೋಹದ ಕಾರ್ಬುರೇಟರ್‌ಗಳೂ, ಸೀಸ ಮತ್ತು ತವರದ ಲೇಪವಿದ್ದ ಉಕ್ಕಿನ ಟ್ಯಾಂಕುಗಳೂ ನೀರು ಬೆರೆತ ಆಲ್ಕೊಹಾಲಿಗೆ ತಾಳಲಾರದವು ಎಂದು ಕಂಡುಬಂದದ್ದರಿಂದ, ಕಾರ್ಬುರೇಟರಿಗೆ ನಿಕಲ್ ಲೇಪವನ್ನೂ ಟ್ಯಾಂಕಿನ ಒಳಮೈಗೆ ತವರವನ್ನೂ ಕೊಡಲಾಯಿತು. ಕನ್ನಡದ ಅಡುಗೆಮನೆಗೆ ಇದು ಹೊಸ ಉಪಾಯವೇನಲ್ಲ: ಹುಣಸೆಹುಳಿಯ ಸಾರನ್ನು ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಕುದಿಸಬಾರದೆಂಬುದೂ, ಕಲಾಯಿ ಹೋದೊಡನೆ ಪಾತ್ರೆಯನ್ನು ಕಲಾಯಿಯವನ ಕೈಗೆ ಕೊಡಬೇಕೆಂಬುದೂ ಇದೇ ತತ್ತ್ವದ ಮೇಲೆ ನಿಂತಿದ್ದವು. ಇಂದಿನ ವಾಹನಗಳಲ್ಲಿ ಹಲವು ಪದರಗಳ ಪ್ಲಾಸ್ಟಿಕ್ ಟ್ಯಾಂಕು, ತುಕ್ಕು ಹಿಡಿಯದ ಉಕ್ಕಿನ ಕೊಳವೆ, ಸಾಮಾನ್ಯ ನೈಟ್ರೈಲ್ ರಬ್ಬರಿನ ಬದಲು ಫ್ಲೋರಿನ್ ಇರುವ ರಬ್ಬರಿನ ಸೀಲುಗಳು ಬಂದಿವೆ. ರಬ್ಬರಿನ ವಿಷಯ ಇಲ್ಲಿ ಹೆಚ್ಚು ಬೇಕಾಗಿಲ್ಲ. ಅದು ಎಥನಾಲನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಲೋಹದಂತೆ ಎಲೆಕ್ಟ್ರಾನು ಕಳೆದುಕೊಂಡು ಕೆಡುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಕಬ್ಬಿಣದ ವಿಷಯದಲ್ಲಿ ಬೌದ್ಧವಾದಕ್ಕೆ ಬಲವಾದ ಬೆಂಬಲ ಸಿಗುವಂತೆ ತೋರುತ್ತದೆ. ಸಂಡೂರಿನ ಬೆಟ್ಟಗಳಲ್ಲಿರುವ ಹೆಮಟೈಟ್ ಅದಿರು ಕಬ್ಬಿಣವೂ ಆಮ್ಲಜನಕವೂ ಕೂಡಿದ ಸಂಯುಕ್ತ. ಕುಲುಮೆಯು ಅಪಾರ ಶಾಖವನ್ನು ವ್ಯಯಿಸಿ ಆ ಆಮ್ಲಜನಕವನ್ನು ಬಲವಂತವಾಗಿ ಬೇರ್ಪಡಿಸುತ್ತದೆ. ಹಾಗೆ ಪಡೆದ ಲೋಹವು ಅದಿರಿಗಿಂತ ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲಿದ್ದು, ಅವಕಾಶ ಸಿಕ್ಕೊಡನೆ ಹಿಂದಿನ ಸ್ಥಿತಿಗೇ ಮರಳುವ ಒಲವನ್ನು ಹುಟ್ಟಿನಿಂದಲೇ ಹೊತ್ತಿರುತ್ತದೆ. ತುಕ್ಕು ಎಂಬುದು ನೀರಿನಂಶವನ್ನು ಸೇರಿಸಿಕೊಂಡ ಅದಿರಿನ ಸೋದರನೇ ಆಗಿದೆ. ಹೀಗಿರುವಾಗ ಕಬ್ಬಿಣದ ಟ್ಯಾಂಕು ಸ್ವಭಾವದಿಂದಲೇ ನಾಶಶೀಲವೆಂದೂ, ತೇವವೂ ಆಮ್ಲವೂ ಕೇವಲ ನೆಪಗಳೆಂದೂ ಬೌದ್ಧನು ಹೇಳಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಒಣಗಾಳಿಯಲ್ಲಿಟ್ಟ ಅದೇ ಕಬ್ಬಿಣ ನೂರಾರು ವರ್ಷ ಬಾಳುತ್ತದೆ. ಒಲವು ಒಳಗಿದ್ದರೂ ವೇಗವನ್ನು ನಿರ್ಧರಿಸುವುದು ಹೊರಗಿನ ದ್ರವ. ನೈಯಾಯಿಕನ ನಿಮಿತ್ತಕಾರಣ ಇಲ್ಲಿ ಮರಳಿ ಬರುತ್ತದೆ. ಇನ್ನು ತುಕ್ಕು ಹಿಡಿದ ಕಬ್ಬಿಣದ ತೂಕ ಕಡಿಮೆಯಾಗುವುದಿಲ್ಲ, ಸೇರಿಕೊಂಡ ಆಮ್ಲಜನಕದಷ್ಟು ಹೆಚ್ಚುತ್ತದೆ ಎಂಬುದನ್ನು ಗಮನಿಸಿದರೆ, ನಾಶವನ್ನು ಬರಿಯ ಅಭಾವವೆನ್ನುವ ಇಬ್ಬರ ಮಾತೂ ತುಕ್ಕಿನ ಮಟ್ಟಿಗೆ ಸಡಿಲವಾಗಿಯೇ ಕಾಣುತ್ತದೆ.

ಎಲ್ಲ ಲೋಹಗಳೂ ಕಬ್ಬಿಣದಂತಿಲ್ಲ ಎಂಬುದು ಬೌದ್ಧವಾದಕ್ಕೆ ಎದುರಾಗುವ ಇನ್ನೊಂದು ತೊಡಕು. ಚಿನ್ನಕ್ಕೆ ಗಾಳಿಯಲ್ಲಿ ಆಮ್ಲಜನಕದೊಡನೆ ಕೂಡುವ ಒಲವೇ ಇಲ್ಲ. 17ನೆಯ ಶತಮಾನದ ನೈಯಾಯಿಕ ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಚಿನ್ನವನ್ನು ಪೃಥ್ವಿಯ ಗುಂಪಿಗೆ ಸೇರಿಸದೆ ತೇಜಸ್ಸಿನ, ಅಂದರೆ ಅಗ್ನಿತತ್ತ್ವದ ಗುಂಪಿಗೆ ಸೇರಿಸಿದ್ದಾನೆ. ಅದಕ್ಕೆ ತನ್ನದೇ ವ್ಯಾಖ್ಯಾನದಲ್ಲಿ ಅವನು ಕೊಡುವ ಹೇತುವೆಂದರೆ, ತುಪ್ಪವನ್ನು ತೀವ್ರವಾಗಿ ಕಾಯಿಸಿದರೆ ಅದರ ದ್ರವತ್ವ ಹಾಳಾಗುತ್ತದೆ, ಚಿನ್ನವನ್ನು ಎಷ್ಟು ಕಾಯಿಸಿದರೂ ಅದರ ದ್ರವತ್ವ ಹಾಳಾಗುವುದಿಲ್ಲ. ಈ ವರ್ಗೀಕರಣವನ್ನು ಇಂದು ಯಾರೂ ಒಪ್ಪಲಾರರು. ಆದರೆ ಬೆಂಕಿಯಲ್ಲಿ ಕೆಡದಿರುವುದು ಚಿನ್ನದ ವಿಶೇಷವೆಂಬ ಅದರ ಹಿಂದಿನ ವೀಕ್ಷಣೆ ಸರಿಯಾಗಿಯೇ ಇದೆ. ಹಾಗಾದರೆ ಚಿನ್ನವು ತನ್ನಲ್ಲಿ ತಾನೇ ಅವಿನಾಶಿಯೇ? ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಇಂದಿಗೂ ಗುಡ್ಡಗಳಂತೆ ನಿಂತಿರುವ ಸೈನೈಡ್ ದಿಬ್ಬಗಳು ಇದಕ್ಕೆ ಉತ್ತರ ಹೇಳುತ್ತವೆ. ಕುಲುಮೆಯ ಬೆಂಕಿಗೆ ಜಗ್ಗದ ಚಿನ್ನವು, ಗಾಳಿಯಾಡುವ ತೆಳುವಾದ ಸೈನೈಡ್ ದ್ರಾವಣಕ್ಕೆ ಯಾವ ಪ್ರತಿರೋಧವನ್ನೂ ತೋರದೆ ಕರಗಿಹೋಗುತ್ತದೆ. 1887ರಲ್ಲಿ ಪೇಟೆಂಟ್ ಪಡೆದ ಆ ವಿಧಾನವೇ ಅರೆದ ಕಲ್ಲಿನಿಂದ ಚಿನ್ನ ತೆಗೆಯುವ ಉದ್ಯಮದ ಮುಖ್ಯ ಆಧಾರವಾಯಿತು. ಚಿನ್ನದ ಅವಿನಾಶಿತ್ವವು ಅಗ್ನಿಯನ್ನು ಕುರಿತು ಸತ್ಯ, ಸೈನೈಡನ್ನು ಕುರಿತು ಸುಳ್ಳು.

ಅಲ್ಯೂಮಿನಿಯಮ್ಮಿನ ನಡತೆ ಇದಕ್ಕಿಂತಲೂ ವಿಚಿತ್ರವಾದದ್ದು. ಇಂಧನದಲ್ಲಿ ನೀರಿರುವುದು ಕೇಡಿನ ಮೂಲವೆಂದು ಮೇಲೆ ಹೇಳಿದ್ದು ಸಾಮಾನ್ಯ ಉಷ್ಣತೆಯ ಮಟ್ಟಿಗೆ ನಿಜ. ಆದರೆ ಎಂಜಿನ್ನಿನ ಬಿಸಿಯಲ್ಲಿ, ಹೆಚ್ಚುಕಡಿಮೆ ನೀರೇ ಇಲ್ಲದ ಎಥನಾಲ್ ಬೆರೆತ ಇಂಧನಕ್ಕೆ ಅಲ್ಯೂಮಿನಿಯಮ್ ಸಿಕ್ಕರೆ, ಎಥನಾಲ್ ನೇರವಾಗಿ ಲೋಹದೊಡನೆ ಕೂಡಿ ಅದನ್ನು ರಭಸದಿಂದ ತಿನ್ನುತ್ತದೆ. ಆ ಇಂಧನದಲ್ಲಿ ಅತ್ಯಲ್ಪ ನೀರು ಇದ್ದರೆ ಅದು ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ಮತ್ತೆ ಮತ್ತೆ ಕಟ್ಟಿಕೊಟ್ಟು ಈ ಆಕ್ರಮಣವನ್ನು ತಡೆಯುತ್ತದೆ. ತಣ್ಣಗಿರುವಾಗ ವೈರಿಯಾದ ನೀರೇ ಬಿಸಿಯಲ್ಲಿ ಕಾವಲುಗಾರನಾಗುವ ಈ ಸಂಗತಿಯ ಮುಂದೆ, ವಸ್ತುವಿನ ಸ್ವಭಾವವೆಂಬ ಮಾತನ್ನೂ ನಾಶಕವಾದ ಕಾರಣವೆಂಬ ಮಾತನ್ನೂ ಬಿಡಿಬಿಡಿಯಾಗಿ ಆಡುವುದು ಕಷ್ಟವಾಗುತ್ತದೆ. ಇಲ್ಲಿ ಉಪಯೋಗಕ್ಕೆ ಬರುವ ಪದವೆಂದರೆ ಯೋಗ್ಯತೆ, ಒಂದು ಇನ್ನೊಂದಕ್ಕೆ ತಕ್ಕದ್ದಾಗಿರುವಿಕೆ. ಧರ್ಮಶಾಸ್ತ್ರಗಳು ದ್ರವ್ಯಶುದ್ಧಿಯ ಪ್ರಕರಣದಲ್ಲಿ ಇದನ್ನು ವ್ಯವಹಾರದ ಮಟ್ಟದಲ್ಲಿ ಗುರುತಿಸಿದ್ದವು. ಮನುಸ್ಮೃತಿಯ ಐದನೆಯ ಅಧ್ಯಾಯವು ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಕ್ಷಾರ, ಹುಳಿ, ನೀರುಗಳಲ್ಲಿ ಆಯಾ ಲೋಹಕ್ಕೆ ತಕ್ಕುದರಿಂದ ತೊಳೆಯಬೇಕೆಂದು ವಿಧಿಸುತ್ತದೆ. ಜನ್ಮದಿಂದ ಮನುಷ್ಯರ ಶುದ್ಧಿ ಅಶುದ್ಧಿಗಳನ್ನು ಕಟ್ಟುನಿಟ್ಟಾಗಿ ಗೊತ್ತುಮಾಡಿದ ಅದೇ ಗ್ರಂಥ ಲೋಹಗಳ ವಿಷಯದಲ್ಲಿ ಮಾತ್ರ ಸಂಬಂಧವನ್ನು ನೋಡಿ ನಿರ್ಣಯಿಸಿತೆಂಬುದು ಗಮನಿಸತಕ್ಕ ವಿಪರ್ಯಾಸ.

ತುಕ್ಕು ಹಿಡಿಯದ ಉಕ್ಕಿನ ವಿಚಾರ ಇನ್ನೂ ಮುಖ್ಯವಾದದ್ದು, ಏಕೆಂದರೆ ಸ್ಥಿರತೆಯೆಂದರೆ ಏನೆಂಬುದನ್ನು ಅದು ಬೇರೆಯೇ ರೀತಿಯಲ್ಲಿ ತೋರಿಸುತ್ತದೆ. ಉಕ್ಕಿಗೆ ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆಸಿದಾಗ, ಆ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ, ಮಿಲಿಮೀಟರಿನ ಹತ್ತು ಲಕ್ಷದ ಕೆಲವೇ ಪಾಲಿನಷ್ಟು ದಪ್ಪದ ಪೊರೆಯಾಗಿ ಮೇಲ್ಮೈಯನ್ನು ಮುಚ್ಚುತ್ತದೆ. ಈ ಪೊರೆಯಿಂದ ರಕ್ಷಿತವಾಗುವ ಸ್ಥಿತಿಯನ್ನು ನಿಷ್ಕ್ರಿಯತೆ ಎನ್ನುತ್ತಾರೆ. ಅಂದರೆ ಈ ಉಕ್ಕು ಆಮ್ಲಜನಕಕ್ಕೆ ಬಲಿಯಾಗುವುದಿಲ್ಲ ಎನ್ನುವುದು ಸರಿಯಲ್ಲ. ತನ್ನ ಮೈಯ ತೆಳುವಾದ ಒಂದು ಪದರವನ್ನು ಅದು ಈಗಾಗಲೇ ಕೊಟ್ಟಾಗಿದೆ, ಕೊಟ್ಟದ್ದೇ ಅದರ ಕವಚವಾಗಿದೆ. ಸಾಮಾನ್ಯ ಕಬ್ಬಿಣದ ತುಕ್ಕು ಲೋಹಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುವುದರಿಂದ ಬಿರಿದು ಉದುರಿ ಒಳಗಿನ ಲೋಹವನ್ನು ಮತ್ತೆ ಬಯಲಿಗೆ ಒಡ್ಡುತ್ತದೆ, ಕ್ರೋಮಿಯಂ ಪೊರೆಯಾದರೋ ಬಿಗಿಯಾಗಿ ಕುಳಿತು, ಗೀಚಿದರೆ ಮತ್ತೆ ಬೆಳೆದು, ಕರಗಿದಷ್ಟು ಮತ್ತೆ ಹುಟ್ಟುತ್ತ ತನ್ನ ದಪ್ಪವನ್ನು ಕಾಯ್ದುಕೊಳ್ಳುತ್ತದೆ.

ಇದಕ್ಕೆ ಹತ್ತಿರವಾದ ತತ್ತ್ವವಿಚಾರ ಬೌದ್ಧರಲ್ಲಿಯೂ ನೈಯಾಯಿಕರಲ್ಲಿಯೂ ಸಿಗದೆ ಜೈನರಲ್ಲಿ ಸಿಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಇರುವುದೆಂಬುದರ ಲಕ್ಷಣವನ್ನು ಹೇಳುವಾಗ, ಹುಟ್ಟು, ಅಳಿವು, ನೆಲೆ ಮೂರೂ ಒಟ್ಟಿಗೆ ಇರುವುದೇ ಸತ್ತು ಎಂದು ನಿರೂಪಿಸುತ್ತದೆ. ಕನ್ನಡನಾಡಿನ ದಿಗಂಬರ ಪರಂಪರೆಯಲ್ಲಿ ಬಹುಮಾನ್ಯನಾದ ಸಮಂತಭದ್ರನು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಕೊಡುವ ದೃಷ್ಟಾಂತವೂ ಲೋಹದ್ದೇ: ಚಿನ್ನದ ಗಡಿಗೆಯನ್ನು ಕರಗಿಸಿ ಕಿರೀಟ ಮಾಡಿದಾಗ, ಗಡಿಗೆ ಬೇಕಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನ ಬೇಕಿದ್ದವನು ಸುಮ್ಮನಿರುತ್ತಾನೆ. ಪೆಟ್ರೋಲ್ ಟ್ಯಾಂಕಿಗೆ ಇದನ್ನು ಅನ್ವಯಿಸಿದರೆ ದುಃಖಿಸುವವನು ವಾಹನದ ಯಜಮಾನ, ಸುಮ್ಮನಿರುವವನು ರಸಾಯನಶಾಸ್ತ್ರಜ್ಞ. ಹಿಗ್ಗುವವನು ಬಿಡಿಭಾಗಗಳ ಅಂಗಡಿಯವನೆಂದೇ ಹೇಳಬೇಕಾಗುತ್ತದೆ. ಲಘುವಾದ ಮಾತನ್ನು ಬಿಟ್ಟು ನೋಡಿದರೂ, ಅಳಿಯುತ್ತ ಹುಟ್ಟುತ್ತ ನೆಲೆನಿಲ್ಲುವ ಕ್ರೋಮಿಯಂ ಪೊರೆಯು ಗಡಿಗೆ ಕಿರೀಟಗಳಿಗಿಂತಲೂ ಈ ಲಕ್ಷಣಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಹೊಂದಿಕೆ ಪೂರ್ತಿಯಲ್ಲ. ಜೈನರ ಪ್ರಕಾರ ಈ ಮೂರು ಪ್ರತಿಯೊಂದು ದ್ರವ್ಯಕ್ಕೂ ಸ್ವಂತವಾದವು. ಪೊರೆಯ ನೆಲೆಯಾದರೋ ಹೊರಗಿನಿಂದ ಒದಗುವ ಆಮ್ಲಜನಕದ ಕೃಪೆಯಲ್ಲಿದೆ. ಗ್ಯಾಸ್ಕೆಟ್ಟಿನ ಕೆಳಗಿನ ಸಂದಿಯಲ್ಲಿ ಆಮ್ಲಜನಕ ಮುಗಿದುಹೋದರೆ ಅದೇ ಉಕ್ಕು ಅಲ್ಲಿ ಮಾತ್ರ ಕೆಡುತ್ತದೆ. ಕ್ಲೋರೈಡ್ ಅಯಾನು ಪೊರೆಯಲ್ಲಿ ಒಂದು ಸೂಜಿಮೊನೆಯಷ್ಟು ಬಿರುಕನ್ನು ಕಂಡುಕೊಂಡರೂ ಅಲ್ಲಿಂದ ಗುಳಿಯೊಂದು ಆಳಕ್ಕೆ ಇಳಿಯತೊಡಗುತ್ತದೆ, ಮತ್ತು ಉಳಿದ ವಿಶಾಲವಾದ ಮೈ ಸುರಕ್ಷಿತವಾಗಿರುವುದರಿಂದಲೇ ಕೇಡೆಲ್ಲ ಆ ಪುಟ್ಟ ಗುಳಿಯಲ್ಲಿ ಸಾಂದ್ರವಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ನಳನನ್ನು ಹಿಡಿಯಲು ಹೊಂಚುಹಾಕಿದ್ದ ಕಲಿಗೆ ಹನ್ನೆರಡನೆಯ ವರ್ಷದಲ್ಲಿ ಸಿಕ್ಕ ಅವಕಾಶವೂ, ರಾಜನು ಒಮ್ಮೆ ಕಾಲು ತೊಳೆಯಲು ಮರೆತದ್ದಷ್ಟೇ ಆಗಿತ್ತು.

ಲೋಹರಕ್ಷಣೆಯ ಇನ್ನೊಂದು ಉಪಾಯಕ್ಕೆ ಇಟ್ಟಿರುವ ಹೆಸರೇ ಧಾರ್ಮಿಕವಾದ್ದರಿಂದ ಅದನ್ನು ಸ್ವಲ್ಪ ಪರಿಶೀಲಿಸಬೇಕು. ಉಳಿಸಬೇಕಾದ ಲೋಹಕ್ಕೆ ತನಗಿಂತ ಬೇಗ ಕರಗುವ ಲೋಹವೊಂದನ್ನು ಜೋಡಿಸಿ, ಅದು ಕರಗುವವರೆಗೂ ಇದನ್ನು ಕಾಯುವ ಈ ಉಪಾಯದಲ್ಲಿ ಕರಗುವ ತುಂಡನ್ನು ತ್ಯಾಗದ ತುಂಡು, ಬಲಿಯ ತುಂಡು ಎಂಬರ್ಥದ ಹೆಸರುಗಳಿಂದ ಕರೆಯುತ್ತಾರೆ. ಮೀಮಾಂಸಕರು ಯಾಗಕ್ಕೆ ಹೇಳುವ ಲಕ್ಷಣದಲ್ಲಿ ದ್ರವ್ಯ, ದೇವತೆ, ತ್ಯಾಗವೆಂಬ ಮೂರು ಅಂಗಗಳಿದ್ದು, ಅವುಗಳಲ್ಲಿ ತ್ಯಾಗವೆಂದರೆ ಇದು ಇನ್ನು ತನ್ನದಲ್ಲವೆಂಬ ಯಜಮಾನನ ಸಂಕಲ್ಪ. ಸತುವಿನ ತುಂಡಿಗೆ ತನ್ನದೆಂಬುದೇ ಇಲ್ಲವಾದ್ದರಿಂದ ಅದು ತ್ಯಾಗಿಯಾಗಲಾರದು; ಹೆಚ್ಚೆಂದರೆ ಅದು ಹವಿಸ್ಸು, ಯಜಮಾನನು ಲೋಹವನ್ನು ಆರಿಸಿದ ಎಂಜಿನಿಯರು. ಯಾಗದಂತೆ ಇಲ್ಲಿಯೂ ಫಲವು ಯಾವಾಗಲೂ ಬಯಸಿದ್ದೇ ಆಗಿರುವುದಿಲ್ಲ ಎಂಬುದಕ್ಕೆ ಹಂಫ್ರಿ ಡೇವಿಯ ಪ್ರಯೋಗ ಸಾಕ್ಷಿಯಾಗಿದೆ. 1824ರಲ್ಲಿ ಅವನು ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡಿಗೆ ಕಬ್ಬಿಣ, ಸತುಗಳ ತುಂಡುಗಳನ್ನು ಜೋಡಿಸಿ ತಾಮ್ರ ಕೆಡುವುದನ್ನು ತಡೆದು ತೋರಿಸಿದನು. ಆದರೆ ಕೆಡುವ ತಾಮ್ರವು ನೀರಿಗೆ ಬಿಡುತ್ತಿದ್ದ ವಿಷವೇ ಕಡಲಚಿಪ್ಪು ಪಾಚಿಗಳನ್ನು ದೂರವಿಟ್ಟಿತ್ತಾದ್ದರಿಂದ, ತಾಮ್ರ ಉಳಿದೊಡನೆ ಹಡಗಿನ ತಳಕ್ಕೆಲ್ಲ ಅವು ಮೆತ್ತಿಕೊಂಡು ಓಟ ನಿಧಾನವಾಯಿತು, ಮತ್ತು ನೌಕಾಪಡೆ ಆ ಉಪಾಯವನ್ನು ಬೇಗನೆ ಕೈಬಿಟ್ಟಿತು. ತಾಮ್ರದ ನಾಶವು ಹಡಗಿಗೆ ಬೇಕಾಗಿದ್ದ ನಾಶವಾಗಿತ್ತು.

ಇಷ್ಟನ್ನು ನೋಡಿದ ಮೇಲೆ, ತುಕ್ಕು ಹಿಡಿಯದ ಲೋಹವನ್ನು ಆತ್ಮದ ಅಮರತ್ವಕ್ಕೆ ದೃಷ್ಟಾಂತವಾಗಿ ಬಳಸುವ ಪ್ರವಚನಕಾರರ ರೂಢಿಯನ್ನು ಒಪ್ಪುವುದು ಸಾಧ್ಯವಿಲ್ಲ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ನಿಂತಿರುವುದೂ, ಮಳೆ ಬಿಡದೆ ಸುರಿಯುವ ಕೊಡಚಾದ್ರಿಯ ಮೇಲೆ ಮೂಕಾಂಬಿಕೆಯ ಮೂಲಸ್ಥಾನದ ಬಳಿಯ ಕಬ್ಬಿಣದ ಕಂಬ ಉಳಿದಿರುವುದೂ ಇಂಥ ಮಾತುಗಳಿಗೆ ಆಧಾರವಾಗಿ ಬರುತ್ತವೆ. ದೆಹಲಿಯ ಕಂಬದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದು ಮೇಲ್ಮೈಯಲ್ಲಿ ರಕ್ಷಣೆಯ ಪದರವೊಂದು ಕೂಡಲು ನೆರವಾಗಿದೆ. ಅದೇ ಕಂಬದ ನೆಲದೊಳಗಿನ ಭಾಗವು ಮಣ್ಣಿನ ತೇವಕ್ಕೆ ಸಿಕ್ಕಿ ಮೇಲಿನ ಭಾಗಕ್ಕಿಂತ ಹೆಚ್ಚು ಕೆಟ್ಟಿದೆ. ಆತ್ಮವು ಅವಿನಾಶಿಯೆಂದು ನೈಯಾಯಿಕನು ಸಾಧಿಸುವುದು ಅದಕ್ಕೆ ಅವಯವಗಳಿಲ್ಲ, ಬಿಡಿಸಿಹೋಗಲು ಕೂಡಿಕೆಯೇ ಇಲ್ಲ ಎಂಬ ಹೇತುವಿನಿಂದ. ಆ ಹೇತು ಸರಿಯೋ ತಪ್ಪೋ, ಅದು ಲೋಹಗಳ ಬಾಳಿಕೆಯನ್ನು ನೆಚ್ಚಿಕೊಂಡಿಲ್ಲ. ಕಂಬದ ಬಾಳಿಕೆ ಹೊಂದಿಕೆಯ ಫಲ, ಆತ್ಮದ ನಿತ್ಯತ್ವ ಎಲ್ಲ ಹೊಂದಿಕೆಯ ಹೊರಗಿನದೆಂದು ಹೇಳಲಾದದ್ದು. ಇವೆರಡನ್ನು ಸೇರಿಸಿದವರು ಧರ್ಮಕ್ಕೂ ಉಪಕಾರ ಮಾಡಿಲ್ಲ, ಲೋಹಶಾಸ್ತ್ರಕ್ಕೂ ಮಾಡಿಲ್ಲ.

ಟ್ಯಾಂಕಿನ ಮಟ್ಟಿಗೆ ಹೇಳುವುದಾದರೆ ನಾಶದ ಕಾರಣ ಲೋಹದೊಳಗೂ ಇಲ್ಲ, ಇಂಧನದೊಳಗೂ ಇಲ್ಲ, ಅವೆರಡೂ ಸಂಧಿಸುವಲ್ಲಿ ಇದೆ. ಒಲವನ್ನು ಮುಂದಿಟ್ಟ ಬೌದ್ಧನೂ ನಿಮಿತ್ತವನ್ನು ಮುಂದಿಟ್ಟ ನೈಯಾಯಿಕನೂ ಅರ್ಧರ್ಧ ಸರಿ. ವ್ಯವಹಾರದಲ್ಲಿ ಇದರ ಭಾರ ಬೀಳುವುದು ಹಳೆಯ ಇಂಧನಕ್ಕೆಂದು ಆರಿಸಿದ ಲೋಹ ಮತ್ತು ರಬ್ಬರುಗಳ ಹಳೆಯ ಸ್ಕೂಟರನ್ನು ಇಂದಿಗೂ ಓಡಿಸುತ್ತಿರುವವನ ಮೇಲೆ. ಅವನ ವಾಹನ ಬದಲಾಗಿಲ್ಲ, ಬಂಕಿನಲ್ಲಿ ಸಿಗುವ ದ್ರವ ಬದಲಾಗಿದೆ. ಕೇಂದ್ರ ಸರ್ಕಾರವು 2021ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ವಾಹನವು ಎಷ್ಟು ಎಥನಾಲ್ ಬೆರೆತ ಇಂಧನಕ್ಕೆ ಹೊಂದುತ್ತದೆಂಬುದನ್ನು ತಯಾರಕರೇ ಗೊತ್ತುಮಾಡಿ, ಅದನ್ನು ಎದ್ದುಕಾಣುವ ಚೀಟಿಯೊಂದರಲ್ಲಿ ವಾಹನದ ಮೇಲೆ ಅಂಟಿಸಬೇಕು. ಆ ಚೀಟಿ ತಿಳಿಸುವುದು ಒಳಗಿನ ಲೋಹ ಎಷ್ಟು ವರ್ಷ ಬಾಳುತ್ತದೆಂಬುದನ್ನಲ್ಲ, ಯಾವ ಇಂಧನದೊಡನೆ ಬಾಳುತ್ತದೆಂಬುದನ್ನು ಮಾತ್ರ.